ಮನೆ ಮುಂದಿನ ಬೈಕ್ ಕಳ್ಳರ ಪಾಲಾಗದಂತೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಬೈಕ್ ಹೋಗಿದ್ದು ಮನೆಯ ಗೇಟಿನ ಒಳಗಿಂದಲೇ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಮೊದಲ ಮಹಡಿ. ಕೆಳಗೆ ಓನರ್ ಕಾರು, ಅದರ ಪಕ್ಕದ ಸಂದಿಯಲ್ಲಿ ನನ್ನ 150 ಸಿಸಿ ಬೈಕ್. ಹ್ಯಾಂಡಲ್ ಲಾಕ್ ಹಾಕಿತ್ತು. ಗೇಟಿಗೆ ಚಿಲಕವೂ ಹಾಕಿತ್ತು. ರಾತ್ರಿ ಹನ್ನೊಂದಕ್ಕೆ ಇದ್ದ ಗಾಡಿ ಬೆಳಿಗ್ಗೆ ಐದೂವರೆಗೆ ಹಾಲು ತರಲು ಇಳಿದಾಗ ಇರಲಿಲ್ಲ. ನೆಲದ ಮೇಲೆ ಎರಡು ಹನಿ ಎಣ್ಣೆ ಮಾತ್ರ ಇತ್ತು.

ಅದಾದ ಮೇಲೆ ಸ್ನೇಹಿತರು, ನೆಂಟರು, ಬೀದಿಯವರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಹ್ಯಾಂಡಲ್ ಲಾಕ್ ಹಾಕಿರ್ತೀನಿ. ಅಷ್ಟು ಸಾಲದಾ?

ಸಾಲದು. ಹ್ಯಾಂಡಲ್ ಲಾಕ್ ಅಂದರೆ ಒಳಗೆ ಒಂದು ಸಣ್ಣ ಲೋಹದ ಕಡ್ಡಿ. ಕೀ ತಿರುಗಿಸಿದಾಗ ಅದು ಹೊರಬಂದು ಹ್ಯಾಂಡಲ್ ಬುಡದ ಗುಳಿಯಲ್ಲಿ ಕೂರುತ್ತದೆ. ಅದರ ಎದುರಿಗೆ ಇರುವುದು ಸುಮಾರು ಎರಡೂವರೆ ಅಡಿ ಅಗಲದ ಹ್ಯಾಂಡಲ್. ಹಾರೆ ಹಿಡಿದು ಕಲ್ಲು ಮೀಟಿದವರಿಗೆ ಈ ಲೆಕ್ಕ ಗೊತ್ತು. ಹಿಡಿ ಉದ್ದ ಇದ್ದಷ್ಟೂ ಬಲ ಜಾಸ್ತಿ. ಜೋರಾಗಿ ಒಮ್ಮೆ ಎಳೆದರೆ, ಇಲ್ಲವೇ ಕಾಲಲ್ಲಿ ಒದ್ದರೆ ಕಡ್ಡಿ ಮುರಿಯುತ್ತದೆ. ಟಕ್ ಅಂತ ಒಂದು ಸದ್ದು, ಅಷ್ಟೇ. ಮಲಗಿದವರಿಗೆ ಕೇಳುವುದೂ ಇಲ್ಲ.

ಕೀ ಕಥೆಯೂ ಅಷ್ಟೇ. ಹಳೇ ಗಾಡಿಗಳಲ್ಲಿ ಲಾಕ್ ಸವೆದು ಸವೆದು ಬೇರೆ ಗಾಡಿಯ ಕೀಗೂ ತಿರುಗುತ್ತದೆ. ಕೀ ಇಲ್ಲದೆ ವೈರು ಜೋಡಿಸಿ ಸ್ಟಾರ್ಟ್ ಮಾಡುವುದಕ್ಕೆ ಗ್ಯಾರೇಜಿನವರು ‘ಡೈರೆಕ್ಟ್ ಮಾಡೋದು’ ಅನ್ನುತ್ತಾರಲ್ಲ, ಅದು ಕಳ್ಳರಿಗೂ ಗೊತ್ತು. ಅದಕ್ಕೂ ಮೊದಲು ಇಬ್ಬರು ಸುಮ್ನೆ ತಳ್ಳಿಕೊಂಡು ಬೀದಿ ದಾಟಿಸುತ್ತಾರೆ. ಸ್ಟಾರ್ಟ್ ಮಾಡುವುದು ಆಮೇಲೆ.

ಆದರೂ ಹ್ಯಾಂಡಲ್ ಲಾಕ್ ಹಾಕದೆ ಬಿಡಬೇಡಿ. ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ‘ಗಾಡಿ ಲಾಕ್ ಮಾಡಿದ್ರಾ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ.

ಗೇಟ್ ಒಳಗೆ ನಿಲ್ಲಿಸಿದರೆ ಭಯ ಇಲ್ಲ, ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮ ಬಹಳಷ್ಟು ಮನೆಗಳ ಗೇಟ್ ಇರುವುದು ದನ, ನಾಯಿ ಒಳಗೆ ಬರದಿರಲಿ ಅಂತ. ಚಿಲಕಕ್ಕೆ ಹೊರಗಿನಿಂದ ಕೈ ಹಾಕಬಹುದು. ಬೀಗ ಹಾಕಿದರೂ ಕೆಲವು ಗೇಟುಗಳನ್ನು ಕೀಲಿನಿಂದ ಮೇಲಕ್ಕೆ ಎತ್ತಿದರೆ ಕಳಚಿಕೊಂಡು ಬರುತ್ತವೆ. ನಿಮ್ಮ ಗೇಟನ್ನು ಒಮ್ಮೆ ಎತ್ತಿ ನೋಡಿ. ಕಳಚಿ ಬಂದರೆ, ಕೀಲಿನ ಮೇಲೆ ಒಂದು ಸಣ್ಣ ತುಂಡು ವೆಲ್ಡ್ ಮಾಡಿಸಿ. ಹತ್ತು ನಿಮಿಷದ ಕೆಲಸ.

ನಾಲ್ಕು ಮನೆ ಇರುವ ಕಟ್ಟಡದಲ್ಲಿ ಇನ್ನೊಂದು ತೊಂದರೆ. ಎಲ್ಲರೂ ‘ಕೊನೆಗೆ ಬಂದವರು ಬೀಗ ಹಾಕಲಿ’ ಅನ್ನುತ್ತಾರೆ. ಕೊನೆಗೆ ಬಂದದ್ದು ಯಾರು ಅಂತ ಯಾರಿಗೂ ಗೊತ್ತಿರುವುದಿಲ್ಲ. ತಾನೇ ಬೀಳುವ, ಎಲ್ಲರ ಹತ್ತಿರವೂ ಕೀ ಇರುವ ಲಾಕ್ ಹಾಕಿಸುವುದು ಜಗಳಕ್ಕಿಂತ ಅಗ್ಗ.

ಹಾಗಾದರೆ ಮೊದಲು ಮಾಡಬೇಕಾದ್ದು ಏನು?

ಗೂಟ ನೆಡುವುದು.

ಬೈಕ್ ಹೋದ ವಾರ ಊರಿಂದ ಚಿಕ್ಕಪ್ಪ ಬಂದಿದ್ದರು. ನಾನು ಅಂಗಡಿಯಿಂದ ತಂದ ಹೊಸ ಬೀಗ, ಚೈನು ಎಲ್ಲ ತೋರಿಸಿದೆ. ಕೈಯಲ್ಲಿ ತೂಗಿ ನೋಡಿ ಕೇಳಿದರು, ‘ಕಣ್ಣಿ ಗಟ್ಟಿ ಇದೆ ಕಣೋ. ಗೂಟ ಎಲ್ಲಿ?’ ಹಸುವಿನ ಕಾಲಿಗೇ ಹಗ್ಗ ಸುತ್ತಿ ಬಿಟ್ಟರೆ ಅದು ಕುಂಟಿಕೊಂಡಾದರೂ ಹೋಗುತ್ತದೆ. ಗೂಟಕ್ಕೆ ಕಟ್ಟಿದರೆ ನಿಲ್ಲುತ್ತದೆ. ಬೈಕಿಗೂ ಅದೇ.

ನಾವು ಕೊಳ್ಳುವ ಮುಕ್ಕಾಲು ಪಾಲು ಬೀಗಗಳು ಗಾಡಿಯನ್ನು ಗಾಡಿಗೇ ಕಟ್ಟುತ್ತವೆ. ಚಕ್ರ ತಿರುಗದಂತೆ ತಡೆಯುತ್ತವೆ. ಆದರೆ ಸ್ಪ್ಲೆಂಡರ್ ತೂಗುವುದು ಸುಮಾರು 112 ಕೆಜಿ. ಐವತ್ತು ಕೆಜಿಯ ಎರಡು ಅಕ್ಕಿ ಮೂಟೆಗಿಂತ ಸ್ವಲ್ಪ ಜಾಸ್ತಿ. ಇಬ್ಬರು ಎತ್ತಿ ಲಗೇಜ್ ಆಟೊಗೆ ಹಾಕಬಹುದು. ಕ್ಲಾಸಿಕ್ 350 ತರಹದ 195 ಕೆಜಿ ಗಾಡಿಗೆ ಮೂರು ನಾಲ್ಕು ಜನ ಬೇಕು, ಅಷ್ಟೇ ವ್ಯತ್ಯಾಸ.

ಆದ್ದರಿಂದ ಅಲ್ಲಾಡದ ಯಾವುದಾದರೂ ಒಂದಕ್ಕೆ ಕಟ್ಟಿ. ಕಾಂಕ್ರೀಟ್ ನೆಲವಾದರೆ 12 ಮಿಲಿಮೀಟರ್ ಕಬ್ಬಿಣದ ಸರಳನ್ನು ‘ಯು’ ಆಕಾರಕ್ಕೆ ಬಗ್ಗಿಸಿ, ಎರಡು ಕಾಲನ್ನೂ ಅರ್ಧ ಅಡಿಗಿಂತ ಆಳಕ್ಕೆ ಇಳಿಸಿ ಕಾಂಕ್ರೀಟ್ ತುಂಬಿಸಬಹುದು. ಕಾಲುಗಳ ತುದಿ ಹೊರಕ್ಕೆ ಬಗ್ಗಿರಲಿ, ಇಲ್ಲದಿದ್ದರೆ ಹಾರೆಯಲ್ಲಿ ಮೀಟಿದರೆ ಕಿತ್ತು ಬರುತ್ತದೆ. ಗಾರೆಯವರಿಗೆ ‘ದನ ಕಟ್ಟೋ ಬಳೆ ತರ ಬೇಕು’ ಅಂದರೆ ಸಾಕು, ಅರ್ಥವಾಗುತ್ತದೆ. ಹೊಸ ಮನೆ ಕಟ್ಟಿಸುತ್ತಿದ್ದರೆ ಪಾರ್ಕಿಂಗ್ ನೆಲ ಹಾಕುವ ದಿನವೇ ಇದನ್ನು ಹಾಕಿಸಿಬಿಡಿ. ಆಮೇಲೆ ಟೈಲ್ಸ್ ಒಡೆಯಲು ಯಾರಿಗೂ ಮನಸ್ಸು ಬರುವುದಿಲ್ಲ.

ಬಾಡಿಗೆ ಮನೆ. ನೆಲ ಕೊರೆಯಲು ಓನರ್ ಬಿಡಲ್ಲ. ಏನು ಮಾಡಲಿ?

ಒಮ್ಮೆ ಕೇಳಿ ನೋಡಿ. ನಮ್ಮ ಓನರ್ ಮೊದಲು ‘ಬೇಡಪ್ಪ’ ಅಂದರು. ಮುಂದಿನ ತಿಂಗಳು ತಮ್ಮ ಸ್ಕೂಟರಿಗೂ ಸೇರಿಸಿ ಎರಡು ಬಳೆ ಹಾಕಿಸಿದರು.

ಒಪ್ಪದಿದ್ದರೆ ಕಂಬಕ್ಕೆ ಕಟ್ಟಿ. 9 ಇಂಚು 12 ಇಂಚಿನ ಕಂಬದ ಸುತ್ತಳತೆ ಮೂರೂವರೆ ಅಡಿ. ಅದನ್ನು ಸುತ್ತಿ ಗಾಡಿಗೂ ಬರಲು ಆರೇಳು ಅಡಿ ಚೈನು ಬೇಕು. ಮೆಟ್ಟಿಲ ಕೆಳಗಿನ ಗ್ರಿಲ್, ಕಾಂಪೌಂಡಿನ ಕಬ್ಬಿಣದ ಕಂಬ ಕೂಡ ಆಗಬಹುದು, ಆದರೆ ಅದರ ಬುಡ ಎಷ್ಟು ಗಟ್ಟಿ ಅಂತ ಮೊದಲು ಅಲ್ಲಾಡಿಸಿ ನೋಡಿ. ನೀರಿನ ಪೈಪಿಗೆ, ಗ್ಯಾಸ್ ಪೈಪಿಗೆ ಮಾತ್ರ ಬೇಡ. ಏನೂ ಇಲ್ಲವೆಂದರೆ ಎರಡು ಬೈಕುಗಳನ್ನು ಸೇರಿಸಿ ಕಟ್ಟಿ. ಜೋಡಿಯಾಗಿ ತಳ್ಳುವುದು, ಎತ್ತುವುದು ಎರಡೂ ಕಷ್ಟ. ಪಕ್ಕದ ಮನೆಯವರು ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗುವವರಾದರೆ ನಿಮ್ಮ ನಿದ್ದೆ ಹಾಳು, ಅದೊಂದು ಕಷ್ಟ.

ಎಂಥ ಚೈನು ತರಬೇಕು?

ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ಮಾಮೂಲಿ ಚೈನು ಮೆತ್ತನೆಯ ಕಬ್ಬಿಣ. ದೊಡ್ಡ ಕಟ್ಟರ್ ಇದ್ದರೆ ಬೆಣ್ಣೆ ಕತ್ತರಿಸಿದ ಹಾಗೆ ಕತ್ತರಿಸುತ್ತದೆ. ಪ್ಲಾಸ್ಟಿಕ್ ಹೊದಿಸಿದ ಕೇಬಲ್ ಲಾಕ್ ಇನ್ನೂ ಕಡೆ. ಒಳಗಿರುವುದು ತೆಳು ತಂತಿಗಳ ಎಳೆ. ಹೆಲ್ಮೆಟ್ ಕಟ್ಟಲು ಸರಿ, ಬೈಕಿಗೆ ಅಲ್ಲ.

ಬೇಕಾಗಿರುವುದು ಹದ ಹಾಕಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಉಕ್ಕಿನ ಚೈನು. ಕೊಂಡಿಯ ದಪ್ಪ 10 ಮಿಲಿಮೀಟರ್ ಇರಲಿ. ಅದಕ್ಕಿಂತ ದಪ್ಪ ಇದ್ದರೆ ಇನ್ನೂ ಒಳ್ಳೆಯದು. ಪರೀಕ್ಷೆ ಸುಲಭ: ಅಂಗಡಿಯವರ ಹತ್ತಿರ ಒಂದು ಅರ ಇಸ್ಕೊಂಡು ಕೊಂಡಿಯ ಮೇಲೆ ಉಜ್ಜಿ. ಗೀರು ಬಿದ್ದು ಪುಡಿ ಉದುರಿದರೆ ಮೆತ್ತನೆಯದು. ಅರ ಜಾರಿದರೆ ಗಟ್ಟಿ. ಉಜ್ಜಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. 10 ಮಿಲಿಮೀಟರ್ ಚೈನು ಆರಡಿಗೆ ಸುಮಾರು ನಾಲ್ಕು ಕೆಜಿ ತೂಗುತ್ತದೆ. ದಿನಾ ಹೊತ್ತು ತಿರುಗುವ ವಸ್ತು ಅಲ್ಲ. ಮನೆಯಲ್ಲೇ, ಬಳೆಗೇ ಬಿಟ್ಟು ಹೋಗಿ.

ಬೀಗದಲ್ಲಿ ನೋಡಬೇಕಾದ್ದು ಅದರ ಕೊಂಡಿ. ಉದ್ದ ಕೊಂಡಿ ಹೊರಗೆ ಕಾಣುತ್ತಿದ್ದರೆ ಕಟ್ಟರ್ ಬಾಯಿ ಹಾಕಲು ಜಾಗ ಸಿಕ್ಕ ಹಾಗೆ. ಶಟರ್ ಅಂಗಡಿಗಳಿಗೆ ಹಾಕುವ, ಕೊಂಡಿ ಹೆಚ್ಚು ಹೊರಗೆ ಕಾಣದ ದುಂಡನೆಯ ಬೀಗ ಒಳ್ಳೆಯದು. ಐನೂರು ರೂಪಾಯಿ ಚೈನಿಗೆ ಐವತ್ತು ರೂಪಾಯಿ ಬೀಗ ಹಾಕುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಕಳ್ಳ ಚೈನನ್ನು ಮುಟ್ಟುವುದೇ ಇಲ್ಲ.

ಗ್ರೈಂಡರ್ ತಂದರೆ? ತಂದರೆ ಯಾವ ಚೈನೂ ಉಳಿಯುವುದಿಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಗ್ರೈಂಡರ್ ಹಾಕಿದರೆ ಇಡೀ ಕ್ರಾಸ್ ಎದ್ದು ಕೂರುತ್ತದೆ. ಕಿಡಿ ಬೇರೆ ಹಾರುತ್ತದೆ. ಕಳ್ಳನಿಗೆ ಬೇಡದ್ದು ಎರಡೇ, ಸದ್ದು ಮತ್ತು ಸಮಯ. ಆ ಎರಡನ್ನೂ ಅವನ ತಲೆಗೆ ಕಟ್ಟುವುದೇ ನಮ್ಮ ಕೆಲಸ.

ಬೈಕಿನ ಯಾವ ಭಾಗಕ್ಕೆ ಕಟ್ಟಬೇಕು?

ಚಾಸಿಗೆ ಕಟ್ಟಲು ಆದರೆ ಅದು ಮೊದಲು. ಆಗದಿದ್ದರೆ ಹಿಂದಿನ ಚಕ್ರ ಮತ್ತು ಸ್ವಿಂಗ್ ಆರ್ಮ್, ಅಂದರೆ ಆ ಚಕ್ರವನ್ನು ಹಿಡಿದಿರುವ ತೋಳು, ಎರಡನ್ನೂ ಸೇರಿಸಿ. ಮುಂದಿನ ಚಕ್ರಕ್ಕೆ ಮಾತ್ರ ಕಟ್ಟಿದರೆ, ಆಕ್ಸಲ್ ನಟ್ ಬಿಚ್ಚಿ ಚಕ್ರ ಬಿಟ್ಟು ಉಳಿದದ್ದು ಒಯ್ಯಬಹುದು. ಹಿಂದಿನ ಚಕ್ರ ಬಿಚ್ಚಲು ಬ್ರೇಕು, ಚೈನ್ ಸೆಟ್ ಎಲ್ಲ ಅಡ್ಡ ಬರುತ್ತವೆ.

ಚೈನು ನೆಲಕ್ಕೆ ತಾಗಿ ಬಿದ್ದಿರಬಾರದು. ನೆಲವನ್ನೇ ಅಡಿಗಲ್ಲು ಮಾಡಿಕೊಂಡು ಸುತ್ತಿಗೆಯಲ್ಲಿ ಹೊಡೆಯಬಹುದು. ಸಡಿಲ ಕಡಿಮೆ ಮಾಡಿ, ಬೀಗ ಮೇಲಕ್ಕೆ ಬರುವಂತೆ ಬಿಗಿಯಾಗಿ ಸುತ್ತಿ. ಬಣ್ಣ ಗೀಚದಿರಲು ಹಳೇ ಸೈಕಲ್ ಟ್ಯೂಬನ್ನು ಚೈನಿಗೆ ತೊಡಿಸಿ. ದುಡ್ಡು ಕೊಟ್ಟು ಕವರ್ ಕೊಳ್ಳುವುದು ಬೇಡ.

ಡಿಸ್ಕ್ ಲಾಕ್ ಹೇಗೆ?

ಬ್ರೇಕಿನ ಡಿಸ್ಕಿಗೆ ಹಾಕುವ ಸಣ್ಣ ಬೀಗ ಇದು. ಎರಡನೇ ಬೀಗವಾಗಿ ಚೆನ್ನಾಗಿದೆ. ಅದೊಂದೇ ಸಾಲದು, ಯಾಕೆಂದರೆ ಗೂಟ ಇಲ್ಲ. ಒಂದು ಎಚ್ಚರಿಕೆ: ಹಾಕಿದ್ದು ಮರೆತು ಬೆಳಿಗ್ಗೆ ಗಾಡಿ ಹೊರಡಿಸಿದರೆ ಬೀಳುವುದು ನೀವೇ. ಲಾಕಿನಿಂದ ಹ್ಯಾಂಡಲ್‌ಗೆ ಬಣ್ಣದ ವೈರು ಕಟ್ಟಿ, ಕಣ್ಣಿಗೆ ಕಾಣುವ ಹಾಗೆ. ನಾನು ಒಮ್ಮೆ ಬಿದ್ದಿದ್ದೇನೆ. ಆಫೀಸಿಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು.

ನಮ್ಮದು ಸ್ಕೂಟರ್. ಚೈನು ಹಾಕಲು ಜಾಗವೇ ಇಲ್ಲ.

ನಿಜ, ಸ್ಕೂಟರಿನ ಮೈಯೆಲ್ಲ ಮುಚ್ಚಿರುತ್ತದೆ. ಹಿಂದೆ ಹಿಡಿದುಕೊಳ್ಳುವ ಕಂಬಿಗೆ ಮಾತ್ರ ಕಟ್ಟಬೇಡಿ, ಅದು ಕೆಲವೇ ಬೋಲ್ಟುಗಳ ಮೇಲೆ ನಿಂತಿದೆ. ಹಿಂದಿನ ಚಕ್ರದ ರಿಮ್‌ನ ಕಿಂಡಿಯಲ್ಲಿ ಹಾದುಹೋಗುವಷ್ಟು ದಪ್ಪದ ಹದ ಹಾಕಿದ ಚೈನು ನೋಡಿ. ಕೀ ತೂತಿಗೆ ಮುಚ್ಚಳದಂತೆ ಬರುವ ಶಟರ್ ಇದ್ದರೆ ದಿನಾ ಮುಚ್ಚಿ. ಹಾಕಲು ಎರಡು ಸೆಕೆಂಡು. ಸೀಟಿನ ಕೆಳಗೆ ಆರ್‌ಸಿ, ಇನ್ಶೂರೆನ್ಸ್ ಅಸಲು ಕಾಗದ ಇಡುವ ಅಭ್ಯಾಸ ಬಿಡಿ. ಗಾಡಿ ಜೊತೆ ದಾಖಲೆಯನ್ನೂ ಕೈಯಾರೆ ಕೊಟ್ಟಂತೆ.

ಎಲೆಕ್ಟ್ರಿಕ್ ಸ್ಕೂಟರಿಗೆ ಇದೆಲ್ಲ ಬೇಕಾ?

ಬೇಕು. ಕೆಲವು ಗಾಡಿಗಳು ಅಲ್ಲಾಡಿಸಿದರೆ ಫೋನಿಗೆ ಸುದ್ದಿ ಕಳಿಸುತ್ತವೆ, ಎಲ್ಲಿವೆ ಅಂತಲೂ ತೋರಿಸುತ್ತವೆ. ಆದರೆ ಆ ಸೌಲಭ್ಯಕ್ಕೆ ಎಷ್ಟೋ ಕಡೆ ಬೇರೆ ಚಂದಾ ಕಟ್ಟಬೇಕು. ಮೊದಲ ಅವಧಿ ಮುಗಿದ ಮೇಲೆ ಯಾರು ಕಟ್ಟುತ್ತಾರೆ? ಬ್ಯಾಟರಿ ಬಿಚ್ಚಬಹುದಾದ ಗಾಡಿಯಾದರೆ ರಾತ್ರಿ ಬ್ಯಾಟರಿ ಮನೆಯೊಳಗೆ ಬರಲಿ.

ಗುಟ್ಟಿನ ಸ್ವಿಚ್ ಹಾಕಿಸಿದರೆ ಕೆಲಸ ಆಗುತ್ತಾ?

ಕಿಲ್ ಸ್ವಿಚ್ ಅನ್ನುವುದು ಇದನ್ನೇ. ಇಗ್ನಿಷನ್ ವೈರಿನ ಮಧ್ಯೆ, ಇಂಜೆಕ್ಷನ್ ಗಾಡಿಯಾದರೆ ಪೆಟ್ರೋಲ್ ಪಂಪಿನ ವೈರಿನ ಮಧ್ಯೆ, ಒಂದು ಸ್ವಿಚ್ ಅಡಗಿಸಿ ಇಡುವುದು. ಅದು ಆಫ್ ಇದ್ದರೆ ಕೀ ಇದ್ದರೂ ಗಾಡಿ ಹೊರಡುವುದಿಲ್ಲ. ಖರ್ಚು ಕಡಿಮೆ, ಉಪಯೋಗ ಜಾಸ್ತಿ. ಓಡಿಸಿಕೊಂಡು ಹೋಗುವ ಕಳ್ಳನಿಗೆ ಇದು ಅಡ್ಡ. ಎತ್ತಿಕೊಂಡು ಹೋಗುವವನಿಗೆ ಅಲ್ಲ.

ಎರಡು ಮಾತು. ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜೋಡಣೆ ಬೇಡ. ಮಳೆಗಾಲದಲ್ಲಿ ಅದು ಸಡಿಲವಾಗಿ ಫ್ಲೈಓವರ್ ಮೇಲೆ ಎಂಜಿನ್ ನಿಂತರೆ ಕಳ್ಳತನಕ್ಕಿಂತ ದೊಡ್ಡ ಅಪಾಯ. ಬೆಸುಗೆ ಹಾಕಿಸಿ. ಇನ್ನೊಂದು, ಹೊಸ ಗಾಡಿಯ ವೈರ್ ಕತ್ತರಿಸಿದರೆ ವಾರಂಟಿ ತಕರಾರು ಬರುತ್ತದೆ. ವಾರಂಟಿ ಮುಗಿಯುವವರೆಗೆ ಚೈನು, ಬಳೆ ನಂಬಿ.

ಸ್ವಿಚ್ ಎಲ್ಲಿದೆ ಅಂತ ಸರ್ವಿಸ್‌ಗೆ ಬಿಟ್ಟಾಗ ಎಲ್ಲರಿಗೂ ಹೇಳಬೇಡಿ. ಆನ್ ಮಾಡಿ ಬಿಟ್ಟುಬನ್ನಿ, ಸಾಕು.

ಅಲಾರ್ಮ್?

ಮೊದಲ ವಾರ ಕೂಗಿದಾಗ ಎಲ್ಲರೂ ಕಿಟಕಿ ತೆರೆಯುತ್ತಾರೆ. ಬೆಕ್ಕು ಸೀಟಿನ ಮೇಲೆ ಹಾರಿದರೂ ಕೂಗುತ್ತದೆ, ಗುಡುಗಿದರೂ ಕೂಗುತ್ತದೆ. ಮೂರನೇ ವಾರ ಕೂಗಿದರೆ ಯಾರೂ ಏಳುವುದಿಲ್ಲ, ನೀವೂ ಸೇರಿ. ಬ್ಯಾಟರಿಯನ್ನು ಬೇರೆ ತಿನ್ನುತ್ತಾ ಇರುತ್ತದೆ. ನನ್ನ ಮಟ್ಟಿಗೆ ಇದು ಕೊನೆಯ ಸಾಲಿನ ವಸ್ತು.

ಜಿಪಿಎಸ್ ಹಾಕಿದರೆ ಚಿಂತೆ ಇಲ್ಲ ಅಂತಾರೆ?

ಜಿಪಿಎಸ್ ಕಳ್ಳತನ ತಡೆಯುವುದಿಲ್ಲ. ಕಳ್ಳತನ ಆದ ಮೇಲೆ ದಾರಿ ತೋರಿಸುತ್ತದೆ. ಈ ವ್ಯತ್ಯಾಸ ಗೊತ್ತಿದ್ದು ಹಾಕಿಸಿದರೆ ಒಳ್ಳೆಯ ವಸ್ತು. ಅದರೊಳಗೆ ಒಂದು ಸಿಮ್ ಇರುತ್ತದೆ. ರೀಚಾರ್ಜ್ ಮುಗಿದರೆ ಅದು ಸುಮ್ನೆ ಒಂದು ಪ್ಲಾಸ್ಟಿಕ್ ಡಬ್ಬಿ. ಬೇಸ್‌ಮೆಂಟಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಬೈಕಿನ ಬ್ಯಾಟರಿ ತೆಗೆದ ಮೇಲೂ ಕೆಲವು ಗಂಟೆ ನಡೆಯುವಂತೆ ಒಳಗೆ ಅದರದೇ ಸಣ್ಣ ಬ್ಯಾಟರಿ ಇರುವಂಥದ್ದು ನೋಡಿ. ಕಳ್ಳ ಮೊದಲು ಕೈ ಹಾಕುವುದು ಸೀಟಿನ ಕೆಳಗೆ, ಹಾಗಾಗಿ ಅಲ್ಲಿ ಮಾತ್ರ ಇಡಿಸಬೇಡಿ.

ಮುಖ್ಯವಾದ ಮಾತು: ಫೋನಿನಲ್ಲಿ ಚುಕ್ಕೆ ಕಂಡ ಕೂಡಲೇ ಸ್ನೇಹಿತರನ್ನು ಕಟ್ಟಿಕೊಂಡು ಹೋಗಬೇಡಿ. 112ಕ್ಕೆ ಕರೆ ಮಾಡಿ, ಆ ಚುಕ್ಕೆಯನ್ನು ಪೊಲೀಸರಿಗೆ ತೋರಿಸಿ.

ಏರ್‌ಟ್ಯಾಗ್ ಅಡಗಿಸಿಟ್ಟರೆ ಅಗ್ಗ ಅಲ್ವಾ?

ಅಗ್ಗವೇ. ವಸ್ತು ಎಲ್ಲಿದೆ ಅಂತ ತಿಳಿಯಲು ಆಪಲ್ ಕಂಪನಿ ಮಾರುವ ಸಣ್ಣ ಬಿಲ್ಲೆ ಅದು. ಆದರೆ ಅದಕ್ಕೆ ಸಿಮ್ ಇಲ್ಲ, ಹತ್ತಿರ ಹಾದುಹೋಗುವ ಬೇರೆಯವರ ಐಫೋನುಗಳ ಮೂಲಕ ತಾನಿರುವ ಜಾಗ ಹೇಳುತ್ತದೆ. ಊರಾಚೆಯ ಶೆಡ್ಡಿನಲ್ಲಿ ಯಾವ ಐಫೋನ್ ಬರುತ್ತದೆ? ಮತ್ತೆ, ‘ನಿಮ್ಮ ಜೊತೆ ಬೇರೆಯವರ ಟ್ಯಾಗ್ ಬರುತ್ತಿದೆ’ ಅಂತ ಕಳ್ಳನ ಫೋನಿಗೇ ಎಚ್ಚರಿಕೆ ಕೊಡುತ್ತದೆ. ಯಾರನ್ನೂ ಗುಟ್ಟಾಗಿ ಹಿಂಬಾಲಿಸಬಾರದು ಅಂತ ಮಾಡಿದ ಏರ್ಪಾಡು ಅದು. ಕಳ್ಳನಿಗೂ ಅನುಕೂಲ ಆಗಿದೆ.

ಸಿಸಿ ಕ್ಯಾಮೆರಾ ಇದೆ. ಸಾಕಾ?

ನಮ್ಮ ಬೀದಿಯಲ್ಲೂ ಇತ್ತು. ರೆಕಾರ್ಡಿಂಗಿನಲ್ಲಿ ಕಂಡದ್ದು ಟೋಪಿ ಹಾಕಿದ ಎರಡು ತಲೆ ಮತ್ತು ಬಿಳಿ ಹೊಳಪು. ಎತ್ತರದಲ್ಲಿ ಕೂರಿಸಿದ ಕ್ಯಾಮೆರಾಗೆ ಮುಖ ಕಾಣುವುದಿಲ್ಲ. ರಾತ್ರಿ ಅದರ ಬೆಳಕು ನಂಬರ್ ಪ್ಲೇಟಿಗೆ ಬಿದ್ದು ಅಂಕಿಗಳೆಲ್ಲ ಬೆಳ್ಳಗಾಗುತ್ತವೆ. ಒಂದು ಕ್ಯಾಮೆರಾ ಗೇಟಿನ ಹತ್ತಿರ, ಮುಖದ ಎತ್ತರಕ್ಕೆ ಇರಲಿ. ಮನುಷ್ಯ ಓಡಾಡಿದರೆ ತಾನೇ ಹೊತ್ತಿಕೊಳ್ಳುವ ಲೈಟು ಜೊತೆಗಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆ, ಕಳ್ಳನೂ ಬೆಚ್ಚುತ್ತಾನೆ. ಹಳೇ ರೆಕಾರ್ಡಿಂಗ್ ಕೆಲವು ದಿನಕ್ಕೆ ತಾನೇ ಅಳಿಸಿಹೋಗುತ್ತದೆ. ಏನಾದರೂ ಆದ ದಿನವೇ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಎದುರು ಮನೆಯವರದ್ದನ್ನೂ ಕೇಳಿ.

ಗಾಡಿಗೆ ಕವರ್ ಹಾಕಬೇಕಾ?

ಹಾಕಿ. ಒಳಗಿರುವುದು ಯಾವ ಗಾಡಿ, ಯಾವ ಬೀಗ ಅಂತ ಬಿಚ್ಚಿ ನೋಡಬೇಕಾಗುತ್ತದೆ. ಆದರೆ ವಾರಗಟ್ಟಲೆ ಧೂಳು ಹಿಡಿದ ಕವರ್ ‘ಮನೆಯವರು ಊರಲ್ಲಿಲ್ಲ’ ಅಂತ ಬೋರ್ಡ್ ಹಾಕಿದ ಹಾಗೆ.

ಹಬ್ಬಕ್ಕೆ ಹತ್ತು ದಿನ ಊರಿಗೆ ಹೋಗುತ್ತೇವೆ. ಬೈಕ್ ಇಲ್ಲೇ ಬಿಡಬೇಕು.

ದಸರಾ, ಯುಗಾದಿ ಸಾಲು ರಜೆಯಲ್ಲಿ ಬೀದಿಗೆ ಬೀದಿಯೇ ಖಾಲಿ. ಮುಂದಿನ ಚಕ್ರ ಗೋಡೆಗೆ ತಾಗುವಂತೆ ನಿಲ್ಲಿಸಿ, ಬಳೆಗೆ ಕಟ್ಟಿ, ಅದರ ಹಿಂದೆ ಕಾರೋ ಬೇರೆ ಗಾಡಿಯೋ ಅಡ್ಡ ಬರುವಂತೆ ನೋಡಿ. ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬ್ಯಾಟರಿ ಬಿಚ್ಚಿ ಮನೆಯೊಳಗೆ ಇಟ್ಟರೆ ಅದೂ ಉಳಿಯುತ್ತದೆ. ಬ್ಯಾಟರಿ ಇಲ್ಲದಿದ್ದರೆ ಗಾಡಿ ಹೊರಡುವುದಿಲ್ಲ ಅಂತ ಮಾತ್ರ ನಂಬಬೇಡಿ. ಹಳೇ ಕಾರ್ಬೊರೇಟರ್ ಬೈಕುಗಳಲ್ಲಿ ಎಷ್ಟೋ ಗಾಡಿಗಳು ಬ್ಯಾಟರಿ ಇಲ್ಲದೆಯೂ ಕಿಕ್ಕರ್‌ಗೆ ಹೊರಡುತ್ತವೆ.

ಎದುರು ಮನೆಯ ಆಂಟಿಗೆ ಹೇಳಿ ಹೋಗಿ. ಅವರಿಗಿಂತ ಒಳ್ಳೆಯ ಕ್ಯಾಮೆರಾ ಇನ್ನೂ ಮಾರುಕಟ್ಟೆಗೆ ಬಂದಿಲ್ಲ.

ಕೀ ವಿಷಯದಲ್ಲಿ ಏನಾದರೂ?

ಬಾಗಿಲ ಪಕ್ಕದ ಕಿಟಕಿಯಲ್ಲಿ, ಕೈಗೆ ಸಿಗುವ ಮೊಳೆಗೆ ಕೀ ನೇತುಹಾಕಬೇಡಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡರೆ ಎರಡೂ ಕೀ ಕೇಳಿ ಇಸ್ಕೊಳ್ಳಿ. ಒಂದೇ ಕೊಟ್ಟರೆ ಲಾಕ್ ಸೆಟ್ ಬದಲಾಯಿಸಿ. ಎರಡನೇ ಕೀ ಎಲ್ಲಿದೆ ಅಂತ ಈಗಲೇ ಹುಡುಕಿ. ಕಳವಿನ ಕ್ಲೇಮ್‌ನಲ್ಲಿ ಇನ್ಶೂರೆನ್ಸ್‌ನವರು ಎರಡೂ ಕೀ ಕೇಳುತ್ತಾರೆ. ಒಂದು ಇಲ್ಲವೆಂದರೆ ‘ಗಾಡಿಯಲ್ಲೇ ಬಿಟ್ಟಿದ್ರಾ?’ ಅನ್ನುವುದರಿಂದ ಮಾತು ಶುರು.

ಬೈಕ್ ಮಾರಲು ಹಾಕಿದ್ದೇನೆ. ಮನೆಗೆ ನೋಡಲು ಬರ್ತಾರಂತೆ.

ಟೆಸ್ಟ್ ರೈಡ್ ಅಂತ ಹೋದವರು ವಾಪಸ್ ಬಾರದ ಸುದ್ದಿ ಆಗಾಗ ಪತ್ರಿಕೆಯಲ್ಲಿ ಓದುತ್ತೀರಿ. ಅವರು ಬಂದ ಗಾಡಿ ನಿಮ್ಮ ಮನೆ ಮುಂದೆ ಇದೆಯಲ್ಲ ಅನ್ನುವ ಧೈರ್ಯ ಬೇಡ, ಅದೂ ಕದ್ದದ್ದೇ ಇರಬಹುದು. ನೀವು ಹಿಂದೆ ಕೂತು ಹೋಗಿ, ಇಲ್ಲವೇ ಪೂರ್ತಿ ದುಡ್ಡು ಕೈಗೆ ಬಂದ ಮೇಲೆ ಕೀ ಕೊಡಿ. ಕೀ ನೀವೇ ಕೊಟ್ಟ ಮೇಲೆ ಕ್ಲೇಮ್ ಕೇಳುವುದೂ ಕಷ್ಟ.

ಐದು ವರ್ಷದ ಇನ್ಶೂರೆನ್ಸ್ ಇದೆ. ಹೋದರೂ ದುಡ್ಡು ಬರುತ್ತೆ, ಅಲ್ವಾ?

ಇಲ್ಲೇ ನಾನು ಬಿದ್ದದ್ದು. ಇದನ್ನು ದಯವಿಟ್ಟು ನಿಧಾನವಾಗಿ ಓದಿ.

2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಸುಪ್ರೀಂ ಕೋರ್ಟ್ ಆದೇಶದಿಂದ ಬಂದ ನಿಯಮ ಅದು. ಗಾಡಿ ತಂದ ದಿನ ‘ಐದು ವರ್ಷ ಇನ್ಶೂರೆನ್ಸ್ ಇದೆ ಸರ್, ತಲೆ ಕೆಡಿಸ್ಕೋಬೇಡಿ’ ಅಂದರು. ನಾನೂ ಕೆಡಿಸಿಕೊಳ್ಳಲಿಲ್ಲ. ಆದರೆ ಥರ್ಡ್ ಪಾರ್ಟಿ ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ. ನಿಮ್ಮ ಗಾಡಿ ಕಳವಾದರೆ ಅದರಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಕಳವಿಗೆ ಬೇಕಾದದ್ದು ಓನ್ ಡ್ಯಾಮೇಜ್, ಅಂದರೆ ನಮ್ಮ ಗಾಡಿಗೇ ಆಗುವ ನಷ್ಟಕ್ಕೆ ಇರುವ ಇನ್ಶೂರೆನ್ಸ್. ಶೋರೂಮಿನಲ್ಲಿ ಕೊಡುವ ಪಾಲಿಸಿಯಲ್ಲಿ ಅದು ಬಹಳ ಸಲ ಒಂದೇ ವರ್ಷಕ್ಕೆ ಇರುತ್ತದೆ. ಎರಡನೇ ವರ್ಷದಿಂದ ನಾವೇ ಬೇರೆಯಾಗಿ ಕಟ್ಟಬೇಕು. ನನ್ನ ಬೈಕ್ ಹೋಗಿದ್ದು ಮೂರನೇ ವರ್ಷದಲ್ಲಿ.

ಈಗಲೇ ಪಾಲಿಸಿ ತೆರೆಯಿರಿ. ‘ಓನ್ ಡ್ಯಾಮೇಜ್’ ಎದುರಿಗಿರುವ ತಾರೀಖು ನೋಡಿ. ‘ಥರ್ಡ್ ಪಾರ್ಟಿ’ ಎದುರಿಗಿರುವುದನ್ನಲ್ಲ.

ಓನ್ ಡ್ಯಾಮೇಜ್ ಇದ್ದರೆ ಎಷ್ಟು ಬರುತ್ತದೆ?

ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತದೆ, ಅಂದರೆ ಇನ್ಶೂರೆನ್ಸ್‌ನವರು ಗಾಡಿಗೆ ಕಟ್ಟಿದ ಬೆಲೆ. ಅದೇ ಆಧಾರ. ಕಂಪನಿ ಪಟ್ಟಿ ಬೆಲೆಯಿಂದ ಗಾಡಿಯ ವಯಸ್ಸಿಗೆ ತಕ್ಕಂತೆ ಕಳೆಯುತ್ತಾರೆ. ಒಂದರಿಂದ ಎರಡು ವರ್ಷದ ಗಾಡಿಗೆ ಶೇ. 20, ಎರಡರಿಂದ ಮೂರಕ್ಕೆ ಶೇ. 30, ನಾಲ್ಕರಿಂದ ಐದಕ್ಕೆ ಶೇ. 50. ಪ್ರೀಮಿಯಂ ನೂರಿನ್ನೂರು ಉಳಿಸಲು ಐಡಿವಿ ಇಳಿಸಿದರೆ ಕಳೆದುಕೊಳ್ಳುವುದು ಸಾವಿರಗಳಲ್ಲಿ. ಹೊಸ ಗಾಡಿಗೆ ‘ರಿಟರ್ನ್ ಟು ಇನ್‌ವಾಯ್ಸ್’ ಅನ್ನುವ ಹೆಚ್ಚುವರಿ ರಕ್ಷಣೆ ಸಿಗುತ್ತದೆ. ಅದಿದ್ದರೆ ಬಿಲ್ ಬೆಲೆಯ ಲೆಕ್ಕ ಹಿಡಿಯುತ್ತಾರೆ. ಸಾಲದ ಗಾಡಿಯಾದರೆ ಕ್ಲೇಮ್ ದುಡ್ಡು ಮೊದಲು ಸಾಲ ಕೊಟ್ಟವರಿಗೆ ಹೋಗುತ್ತದೆ. ಗಾಡಿ ಹೋಯಿತು ಅಂತ ಕಂತು ನಿಲ್ಲುವುದಿಲ್ಲ.

ಗಾಡಿ ಕಾಣದಿದ್ದಾಗ ಮೊದಲು ಏನು?

ಮೊದಲು ಮನೆಯವರನ್ನು ಕೇಳಿ. ತಮ್ಮ ತಗೊಂಡು ಹೋಗಿರಬಹುದು. ಬೀದಿಯಲ್ಲಿ ನಿಲ್ಲಿಸಿದ್ದರೆ ಟೋಯಿಂಗ್ ಆಗಿದೆಯೋ ಅಂತಲೂ ವಿಚಾರಿಸಿ. ಆಮೇಲೆ 112, ನಂತರ ಠಾಣೆ. ಆರ್‌ಸಿ ಡಿಜಿಲಾಕರ್‌ನಲ್ಲಿ ಇದ್ದರೆ ಎಂಜಿನ್ ನಂಬರ್, ಚಾಸಿ ನಂಬರ್ ಕೈಯಲ್ಲೇ ಇರುತ್ತದೆ.

ಕೇಳಬೇಕಾದ್ದು ಎಫ್‌ಐಆರ್. ಅದರ ಪ್ರತಿ ಉಚಿತ, ಅದು ನಿಮ್ಮ ಹಕ್ಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕಾನೂನಿನಲ್ಲಿ ಯಾವ ಠಾಣೆಯ ಗಡಿ ಅನ್ನುವ ತಕರಾರಿಲ್ಲದೆ ದೂರು ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಪೊಲೀಸರ ಇ-ಲಾಸ್ಟ್ ಅನ್ನುವ ಆನ್‌ಲೈನ್ ಸೇವೆಯಲ್ಲಿ ಹಾಕಿ ಸುಮ್ಮನಾಗಬೇಡಿ. ಅದು ಕಳೆದುಹೋದ ವಸ್ತುಗಳಿಗೆ. ಕಳವಿನ ದೂರು ಬೇರೆ.

ಅದೇ ದಿನ ಇನ್ಶೂರೆನ್ಸ್ ಕಂಪನಿಗೆ ಇಮೇಲ್ ಹಾಕಿ. ಪೊಲೀಸರಿಗೆ ತಕ್ಷಣ ದೂರು ಕೊಟ್ಟಿದ್ದರೆ, ಕಂಪನಿಗೆ ತಿಳಿಸಿದ್ದು ತಡವಾಯಿತು ಅನ್ನುವ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪು ಇದೆ ಅಂತ ತಡ ಮಾಡಬೇಡಿ, ಕೋರ್ಟಿಗೆ ಅಲೆಯುವವರು ನೀವೇ. ಆರ್‌ಟಿಒಗೂ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ.

ಗಾಡಿ ಸಿಗದಿದ್ದರೆ ಪೊಲೀಸರು ಕೋರ್ಟಿಗೆ ‘ಸಿ ರಿಪೋರ್ಟ್’ ಸಲ್ಲಿಸುತ್ತಾರೆ, ಅಂದರೆ ಪತ್ತೆಯಾಗಲಿಲ್ಲ ಅನ್ನುವ ವರದಿ. ಅದು ಬಂದ ಮೇಲೆಯೇ ಕ್ಲೇಮ್ ಪೂರ್ತಿಯಾಗುವುದು. ತಿಂಗಳುಗಳು ಹಿಡಿಯುತ್ತವೆ. ಆ ಮಧ್ಯೆ ಕಳ್ಳ ಸಿಗ್ನಲ್ ಹಾರಿಸಿ ನಿಮ್ಮ ಹೆಸರಿಗೆ ದಂಡ ಬಂದರೆ ಬೈದುಕೊಂಡು ಕೂರಬೇಡಿ. ಯಾವ ವೃತ್ತ, ಎಷ್ಟು ಗಂಟೆ ಅನ್ನುವುದು ಅದರಲ್ಲಿದೆ. ನೇರ ಠಾಣೆಗೆ ಒಯ್ಯಿರಿ.

ಹೊಸ ನಂಬರ್ ಪ್ಲೇಟ್ ಇದ್ದರೆ ಕದಿಯಲ್ಲವಂತೆ?

ಕದಿಯುತ್ತಾರೆ. ಎಚ್‌ಎಸ್‌ಆರ್‌ಪಿ, ಅಂದರೆ ಹೈ ಸೆಕ್ಯುರಿಟಿ ನಂಬರ್ ಪ್ಲೇಟಿನ ಲಾಕ್ ಒಮ್ಮೆ ಒಡೆದರೆ ಮತ್ತೆ ಕೂರುವುದಿಲ್ಲ, ಲೇಸರ್ ನಂಬರ್ ಇರುತ್ತದೆ. ಹಾಗಾಗಿ ಸುಳ್ಳು ಪ್ಲೇಟ್ ಹಾಕಿ ಓಡಾಡುವುದು ಸ್ವಲ್ಪ ಕಷ್ಟ. ಬಿಡಿಭಾಗ ಮಾಡಿ ಮಾರುವವನಿಗೆ ಪ್ಲೇಟ್ ಯಾಕೆ ಬೇಕು?

ಕೊನೆಗೆ ನಿಮ್ಮ ಬೈಕ್ ಸಿಕ್ಕಿತಾ?

ಸಿಕ್ಕಿತು, ಎಂಟು ತಿಂಗಳಾದ ಮೇಲೆ. ಠಾಣೆಯಿಂದ ಫೋನ್ ಬಂತು. ಸಾಲಾಗಿ ನಿಲ್ಲಿಸಿದ್ದ ಗಾಡಿಗಳಲ್ಲಿ ನನ್ನದನ್ನು ನಾನೇ ಗುರುತಿಸಲಿಲ್ಲ. ಟ್ಯಾಂಕಿಗೆ ಕಪ್ಪು ಬಣ್ಣ, ಕನ್ನಡಿ ಇಲ್ಲ, ಸೈಲೆನ್ಸರ್ ಬೇರೆ. ಚಾಸಿ ನಂಬರ್ ಮಾತ್ರ ನನ್ನದು. ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಿ ಬಾಂಡ್ ಬರೆದುಕೊಡಬೇಕು. ಠಾಣೆ ಮುಂದೆ ಗಾಡಿಗಳನ್ನು ವರ್ಷಗಟ್ಟಲೆ ಕೊಳೆಯಲು ಬಿಡಬಾರದು ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ, ನಮ್ಮ ವಕೀಲರು ಅದನ್ನೇ ಹಿಡಿದುಕೊಂಡರು. ಮೂರು ವಾರದಲ್ಲಿ ಕೈಗೆ ಬಂತು.

ರಿಪೇರಿಗೆ ಸುರಿದ ದುಡ್ಡಿನ ಲೆಕ್ಕ ಮನೆಯಲ್ಲಿ ಹೇಳಿಲ್ಲ. ಗಾಡಿ ಈಗ ಅದೇ ಸಂದಿಯಲ್ಲಿ, ಬಳೆಗೆ ಕಟ್ಟಿಕೊಂಡು ನಿಂತಿದೆ. ಚಿಕ್ಕಪ್ಪ ಬಂದಾಗಲೆಲ್ಲ ಬೈಕ್ ಕಡೆ ನೋಡುವುದೂ ಇಲ್ಲ. ಚಪ್ಪಲಿ ಬಿಡುವ ಮುಂಚೆ ಬಳೆಗೆ ಒಂದು ಒದೆ ಕೊಟ್ಟು ಅಲ್ಲಾಡುತ್ತದೋ ಅಂತ ನೋಡುತ್ತಾರೆ.